ರೈಲು, ನಾಲೆ, ಹೆದ್ದಾರಿ: ಮಂಡ್ಯ ಸೀಮೆಯ ಪಿಡುಗುಗಳೂ ಅವುಗಳ ಸರ್ಕಾರಿ ಸುದ್ದಿಯೂ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳನ್ನು ಕಳೆದ ಸುಮಾರು 120 ವರ್ಷಗಳಲ್ಲಿ ಕಾಡಿದ ಸಾಂಕ್ರಾಮಿಕ ರೋಗಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ, ಅವುಗಳಲ್ಲಿ ದೊಡ್ಡವೆಲ್ಲ ಜನರ ಅನುಕೂಲಕ್ಕೆಂದು ಸರ್ಕಾರವೇ ತೆರೆದ ದಾರಿಗಳಲ್ಲಿ ಬಂದುದು ಅಥವಾ ಆ ದಾರಿಗಳ ಬದಿಯಲ್ಲಿ ಬಲಿತುದು ಕಂಡುಬರುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಪ್ಲೇಗು ರೈಲಿನ ಜೊತೆ ಬಂದಿತು; 1930ರ ದಶಕದಲ್ಲಿ ಮಲೇರಿಯಾ ಹೊಸ ನಾಲೆಯ ನೀರಿನ ಜೊತೆ ಹಬ್ಬಿತು; 2020ರಲ್ಲಿ ಕೊರೊನಾ ಹೆದ್ದಾರಿಯ ವಾಹನಗಳಲ್ಲಿ ಊರು ಸೇರಿತು. ರೋಗದ ದಾರಿ ಹೀಗೆ ಕಾಲಕಾಲಕ್ಕೆ ಬದಲಾದರೂ, ಅದರ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವ ಮತ್ತು ಮನೆಮನೆಯ ಸಾವುನೋವಿನ ಲೆಕ್ಕವನ್ನು ಮೇಲಿನ ಕಚೇರಿಗೆ ತಲುಪಿಸುವ ಹೊಣೆ ಮಾತ್ರ ಪ್ರತಿ ಸಲವೂ ಆಡಳಿತದ ಕಟ್ಟಕಡೆಯ ಮೆಟ್ಟಿಲಲ್ಲಿ ನಿಂತವರ ಹೆಗಲಿಗೇ ಬಿದ್ದಿತು.

ಹಳೆಯ ಮೈಸೂರು ಸಂಸ್ಥಾನದಲ್ಲಿ ಆ ಮೆಟ್ಟಿಲೆಂದರೆ ಗ್ರಾಮದ ವಂಶಪಾರಂಪರ್ಯ ಹುದ್ದೆಗಳು. ಪಟೇಲನು ಊರಿನ ಯಜಮಾನಿಕೆ ಮತ್ತು ಕಂದಾಯ ವಸೂಲಿಯನ್ನು ನೋಡಿಕೊಳ್ಳುತ್ತಿದ್ದನು, ಶಾನುಭೋಗನು ಲೆಕ್ಕಪತ್ರವನ್ನು ಬರೆಯುತ್ತಿದ್ದನು, ತೋಟಿ ಮತ್ತು ತಳವಾರರು ಕಾವಲು ಹಾಗೂ ಓಲೆಕಾರಿಕೆಯ ಕೆಲಸ ಮಾಡುತ್ತಿದ್ದರು. ತಾಲ್ಲೂಕಿನ ಅಮಲ್ದಾರನಿಂದ, ಅಂದರೆ ಇಂದಿನ ತಹಶೀಲ್ದಾರನ ಸ್ಥಾನದಲ್ಲಿದ್ದ ಅಧಿಕಾರಿಯಿಂದ, ಬಂದ ಹುಕುಂ ಶಾನುಭೋಗನ ಬಾಯಿಂದ ಪಟೇಲನ ಜಗುಲಿಯಲ್ಲಿ ಓದಿಸಿಕೊಂಡು, ಬಳಿಕ ತಮಟೆಯ ಸದ್ದಿನೊಂದಿಗೆ ಡಂಗುರವಾಗಿ ಬೀದಿಗಳಿಗೆ ಹೋಗುತ್ತಿತ್ತು. ಆದರೆ ತಮಟೆ ಹಿಡಿದವನು ಸಾಮಾನ್ಯವಾಗಿ ಹೊಲಗೇರಿಯಿಂದ ಬಂದವನು. ಇಡೀ ಊರಿನ ಆರೋಗ್ಯದ ಎಚ್ಚರಿಕೆಯನ್ನು ಸಾರುತ್ತಿದ್ದ ಆ ಮನುಷ್ಯನಿಗೆ ಊರಿನ ಬಹುಪಾಲು ಮನೆಗಳ ಹೊಸ್ತಿಲು ದಾಟುವ ಅವಕಾಶವಿರಲಿಲ್ಲ. ಸರ್ಕಾರದ ಮಾತು ಬೀದಿಯವರೆಗೆ ಬಂದು ಬಾಗಿಲಲ್ಲಿ ನಿಂತುಬಿಡುತ್ತಿದ್ದುದಕ್ಕೆ ಓದುಬರಹದ ಕೊರತೆಯೊಂದೇ ಕಾರಣವೆಂದು ಹೇಳುವವರು ಈ ಸಂಗತಿಯನ್ನು ಗಮನಿಸಿದಂತಿಲ್ಲ.

ಬೆಂಗಳೂರಿನಿಂದ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಮೂಲಕ ಮೈಸೂರಿಗೆ ಹೋಗುವ ರೈಲು ಮಾರ್ಗವು 1880ರ ದಶಕದ ಆರಂಭದಲ್ಲಿ ಸಿದ್ಧವಾಯಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಮಾರ್ಗಗಳ ಗುಂಟ ದಕ್ಷಿಣಕ್ಕೆ ಇಳಿದು, ಹುಬ್ಬಳ್ಳಿಯನ್ನು ದಾಟಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಮುಟ್ಟಿತು. ಅಲ್ಲಿಂದ ಮೈಸೂರಿನ ಕಡೆಗೆ ಅದಕ್ಕೆ ಸಿದ್ಧವಾದ ಹಳಿಯೇ ಇದ್ದಿತು. ಆಗ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದರು, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ಬ್ರಿಟಿಷ್ ಆಡಳಿತದ ಪ್ರಾಂತ್ಯಗಳಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಕೊಟ್ಟಿದ್ದಂತಹ ವಿಶೇಷ ಅಧಿಕಾರವನ್ನೇ ಸಂಸ್ಥಾನವೂ ತನ್ನ ನಿಯಮಗಳ ಮೂಲಕ ಬಳಸಿಕೊಂಡಿತು: ಮನೆಗಳ ತಪಾಸಣೆ, ರೋಗಿಗಳನ್ನು ಊರಾಚೆಯ ಆಸ್ಪತ್ರೆಗೆ ಸಾಗಿಸುವುದು, ಅವರ ಸಂಪರ್ಕಕ್ಕೆ ಬಂದವರನ್ನು ಬೇರೆ ಶಿಬಿರದಲ್ಲಿ ಇರಿಸುವುದು, ಹೆಂಚು ತೆಗೆದು ಮನೆಯೊಳಕ್ಕೆ ಬಿಸಿಲು ಬಿಡುವುದು, ರಾಸಾಯನಿಕ ದ್ರಾವಣದಿಂದ ಗೋಡೆ ನೆಲಗಳನ್ನು ತೊಳೆಸುವುದು ಮೊದಲಾದ ಕ್ರಮಗಳು ಜಾರಿಗೆ ಬಂದವು.

ಈ ಕ್ರಮಗಳಲ್ಲಿ ಜನರನ್ನು ಹೆಚ್ಚು ಕೆರಳಿಸಿದ್ದು ರೋಗಿಯನ್ನು ಮನೆಯಿಂದ ಬೇರ್ಪಡಿಸುವ ಕ್ರಮ. ಶ್ರೀರಂಗಪಟ್ಟಣ ದ್ವೀಪದ ಗಂಜಾಂನಲ್ಲಿ 1898ರಲ್ಲಿ ಪ್ಲೇಗು ನಿಯಮಗಳ ವಿರುದ್ಧ ದೊಡ್ಡ ಗಲಭೆಯೇ ನಡೆದು, ಅದನ್ನು ಅಡಗಿಸಲು ಸರ್ಕಾರ ಬಲವನ್ನು ಬಳಸಬೇಕಾಯಿತು. ಪ್ಲೇಗು ಕಮಿಷನರಾಗಿದ್ದ ವಿ. ಪಿ. ಮಾಧವರಾಯರು, ಮುಂದೆ 1906ರಲ್ಲಿ ದಿವಾನರಾದವರು, ಆ ಸಂದರ್ಭವನ್ನು ನಿಭಾಯಿಸಿದ ರೀತಿಯಿಂದ ಹೆಸರು ಪಡೆದರು. ಶ್ರೀರಂಗಪಟ್ಟಣವು ಆಗ ಮಂಡ್ಯ ಮಳವಳ್ಳಿಗಳಂತೆಯೇ ಮೈಸೂರು ಜಿಲ್ಲೆಗೆ ಸೇರಿದ್ದುದರಿಂದ ಗಂಜಾಂ ಪ್ರಕರಣ ಇಡೀ ಸೀಮೆಯ ಆಡಳಿತಕ್ಕೆ ಪಾಠವಾಯಿತು. ಬಲವಂತದ ಪ್ರತಿಯೊಂದು ಹೆಜ್ಜೆಗೂ ಜನರು ಒಂದೊಂದು ಮರೆಯನ್ನು ಹುಡುಕಿಕೊಳ್ಳುತ್ತಿದ್ದರು: ರೋಗಿಯನ್ನು ಕಣಜದ ಹಿಂದೆ ಮಲಗಿಸುವುದು, ನೆಂಟರ ಊರಿಗೆ ರಾತ್ರೋರಾತ್ರಿ ಸಾಗಿಸುವುದು, ಸಾವಾದರೆ ಬೇರೆ ಜ್ವರದ ಹೆಸರು ಹೇಳುವುದು. ಇಂತಹ ಸಾಗಾಟದಿಂದ ರೋಗ ಮತ್ತಷ್ಟು ಊರುಗಳಿಗೆ ಹರಡುತ್ತಿದ್ದುದರಿಂದ, ಕಟ್ಟುನಿಟ್ಟಿನ ಆಜ್ಞೆಯೇ ರೋಗದ ವಾಹನವಾಗುವ ವಿಪರೀತ ಸ್ಥಿತಿ ಏರ್ಪಟ್ಟಿತು.

ಅಧಿಕಾರಿಗಳಿಗಿಂತ ಮೊದಲು ಹಳ್ಳಿಗರಿಗೆ ಒಂದು ವಿಷಯ ಸ್ಪಷ್ಟವಾಗಿ ತಿಳಿದಿತ್ತು. ಊರಿನಲ್ಲಿ ಇಲಿಗಳು ಸತ್ತು ಬೀಳತೊಡಗಿದರೆ ಕೆಲವೇ ದಿನಗಳಲ್ಲಿ ಮನುಷ್ಯರಿಗೆ ಗಡ್ಡೆ ಏಳುತ್ತದೆಂಬುದು ಅನುಭವದಿಂದ ಬಂದ ಅರಿವು. ‘ಇಲಿ ಬಿದ್ದಿದೆ’ ಎಂಬ ಎರಡೇ ಪದಗಳು ಊರು ಖಾಲಿ ಮಾಡಲು ಸಾಕಾಗುತ್ತಿದ್ದವು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಮನುಷ್ಯನಿಗೆ ದಾಟುತ್ತದೆಂದು ಪಾಲ್ ಲೂಯಿ ಸಿಮೊಂಡ್ 1898ರಲ್ಲಿಯೇ ತೋರಿಸಿದ್ದರೂ ವೈದ್ಯಲೋಕ ಅದನ್ನು ಪೂರ್ತಿಯಾಗಿ ಒಪ್ಪಲು ಸುಮಾರು ಒಂದು ದಶಕ ಹಿಡಿಯಿತು. ಅಷ್ಟರಲ್ಲಿ ಗೋಡೆ ತೊಳೆಯುವುದಕ್ಕೆ ಬಹಳಷ್ಟು ದ್ರಾವಣ ಖರ್ಚಾಗಿತ್ತು. ರಾಗಿ ಬೆಳೆಯುವ ಈ ಸೀಮೆಯಲ್ಲಿ ಧಾನ್ಯವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಗುಳಿಯಲ್ಲಿ, ಅಥವಾ ಮನೆಯೊಳಗಿನ ಕಣಜದಲ್ಲಿ ತುಂಬುವ ವಾಡಿಕೆಯಿದ್ದು, ಮಣ್ಣಿನ ಗೋಡೆ ಮತ್ತು ನಾಡಹೆಂಚಿನ ಮನೆಗಳು ಇಲಿಗಳಿಗೆ ಒಳ್ಳೆಯ ಬಿಡಾರವಾಗಿದ್ದವು. ಹೀಗಿರುವಾಗ ಮನೆಯನ್ನು ಶುದ್ಧಿ ಮಾಡುವುದಕ್ಕಿಂತ ಮನೆಯನ್ನು ಬಿಟ್ಟು ಹೋಗುವುದೇ ವಿವೇಕದ ಮಾರ್ಗವಾಗಿತ್ತು.

ಹೊಸ ಶತಮಾನ ಮುಂದುವರಿದಂತೆ ಆಡಳಿತವೂ ಈ ವಿವೇಕದ ಕಡೆಗೆ ವಾಲಿ, ಊರು ಬಿಡುವುದಕ್ಕೆ ಅಡ್ಡಿಪಡಿಸದೆ ಅದಕ್ಕೆ ಒತ್ತಾಸೆಯಾಗಿ ನಿಲ್ಲುವ ನೀತಿಯನ್ನು ಹೆಚ್ಚು ಹೆಚ್ಚಾಗಿ ಅನುಸರಿಸಿತು. ಪ್ಲೇಗು ಬಲಿಯುತ್ತಿದ್ದ ತಂಪು ತಿಂಗಳುಗಳೂ ರಾಗಿಯ ಸುಗ್ಗಿಯೂ ಹೆಚ್ಚು ಕಡಿಮೆ ಒಟ್ಟಿಗೆ ಬರುತ್ತಿದ್ದುದರಿಂದ ಕುಯ್ಲಾದ ಹೊಲಗಳಲ್ಲಿ ಗುಡಿಸಲು ಹಾಕಲು ಜಾಗವೂ ಹುಲ್ಲೂ ಸಿಗುತ್ತಿತ್ತು. ಆದರೆ ಗಳ ಮತ್ತು ತಡಿಕೆಗಳನ್ನು ಹೊಂದಿಸುವುದು, ಕುಡಿಯುವ ನೀರನ್ನು ಒದಗಿಸುವುದು, ಬಿಟ್ಟುಬಂದ ಮನೆಗಳಿಗೆ ಕಳ್ಳರ ಭಯವಿರದಂತೆ ತಳವಾರನ ಕಾವಲನ್ನು ಬಿಗಿಗೊಳಿಸುವುದು ದೊಡ್ಡ ಪ್ರಶ್ನೆಗಳಾಗಿದ್ದವು. ಕೂಲಿಯವನಿಗೆ ಸ್ವಂತ ಹೊಲವಿಲ್ಲದಿದ್ದಾಗ ಅವನ ಗುಡಿಸಲು ಯಾರ ನೆಲದಲ್ಲಿ ಏಳಬೇಕೆಂಬ ಪ್ರಶ್ನೆಗೆ ಯಾವ ಡಂಗುರದಲ್ಲಿಯೂ ಉತ್ತರವಿರಲಿಲ್ಲ. ಮುಂದಿನ ದಶಕಗಳಲ್ಲಿಯೂ ಈ ವಾಡಿಕೆ ಉಳಿದುದನ್ನು ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯ ಓದುಗರು ಬಲ್ಲರು; ಅದರ ಹಿನ್ನೆಲೆ ನೆರೆಯ ತಿಪಟೂರು, ಚನ್ನರಾಯಪಟ್ಟಣಗಳ ಸೀಮೆಯಾದರೂ ಊರು ಬಿಟ್ಟು ಶೆಡ್ಡು ಸೇರುವ ಪ್ಲೇಗಿನ ಬದುಕು ಇಡೀ ಹಳೆಯ ಮೈಸೂರಿನದೇ ಆಗಿತ್ತು.

ರೈಲಿನ ಹಳಿ ಮುಟ್ಟದ ಮಳವಳ್ಳಿಗೆ ಬೇರೊಂದು ತೊಡಕಿತ್ತು. ಕಾವೇರಿಯ ಆಚೆ ದಡದ ಕೊಳ್ಳೇಗಾಲವು 1956ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ ಶಿವನಸಮುದ್ರದ ಬಳಿ ಹೊಳೆ ದಾಟುವುದೆಂದರೆ ಒಂದು ಆಡಳಿತದಿಂದ ಮತ್ತೊಂದಕ್ಕೆ ಕಾಲಿಡುವುದಾಗಿತ್ತು. ಮದ್ರಾಸ್ ಪ್ರಾಂತ್ಯವು ಸೋಂಕಿನ ಪ್ರದೇಶಗಳಿಂದ ಬರುವವರಿಗೆ ‘ಪ್ಲೇಗು ಪಾಸ್‌ಪೋರ್ಟ್’ ಎಂಬ ಚೀಟಿಯನ್ನು ಕೊಟ್ಟು, ತಲುಪಿದ ಊರಿನಲ್ಲಿ ಕೆಲವು ದಿನಗಳವರೆಗೆ ನಿತ್ಯ ಹಾಜರಿ ಹಾಕುವಂತೆ ಕಡ್ಡಾಯ ಮಾಡಿತ್ತು. ಸಂತೆಗೂ ಮದುವೆಗೂ ಹೊಳೆ ದಾಟುವುದು ನಿತ್ಯದ ಬದುಕಾಗಿದ್ದ ಜನರಿಗೆ ಹೊಳೆಯ ನಡುವೆ ಗಡಿಯೊಂದು ಇದೆಯೆಂಬುದನ್ನು ರೋಗದ ಚೀಟಿ ನೆನಪಿಸುತ್ತಿತ್ತು.

1918ರ ಇನ್‌ಫ್ಲುಯೆಂಜ ಇಷ್ಟು ಸಾವಕಾಶವನ್ನು ಕೊಡಲಿಲ್ಲ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಅದು ಬಂದ ವೇಗಕ್ಕೆ ಶಿಬಿರ, ಚೀಟಿ, ಗುಡಿಸಲುಗಳಾವುವೂ ಎಣೆಯಾಗಲಿಲ್ಲ. ಸುದ್ದಿ ಸಾರಬೇಕಾದ ತೋಟಿಯೂ ಸಾವು ದಾಖಲಿಸಬೇಕಾದ ಶಾನುಭೋಗನೂ ಒಟ್ಟಿಗೆ ಹಾಸಿಗೆ ಹಿಡಿದರೆ ಲೆಕ್ಕವನ್ನು ಬರೆಯುವವರಾದರೂ ಯಾರು? ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 58 ಲಕ್ಷವಿದ್ದುದು 1921ರ ಜನಗಣತಿಯಲ್ಲಿ 60 ಲಕ್ಷವನ್ನೂ ಮುಟ್ಟಲಿಲ್ಲವೆಂಬುದರಲ್ಲಿ ಆ ಕೆಲವು ತಿಂಗಳುಗಳ ಗುರುತು ಇದೆ.

ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದ ಆರಂಭದಲ್ಲಿ ಹುಲಿಕೆರೆಯ ಸುರಂಗವನ್ನು ಹಾಯ್ದು ಮಂಡ್ಯದ ಒಣನೆಲಕ್ಕೆ ನೀರು ತಂದಾಗ ಈ ಸೀಮೆಯ ರೂಪವೇ ಬದಲಾಯಿತು. ರಾಗಿ ಹುರುಳಿಗಳ ಹೊಲಗಳು ಭತ್ತ ಮತ್ತು ಕಬ್ಬಿನ ಗದ್ದೆಗಳಾದವು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಈ ಸಮೃದ್ಧಿಯ ಕಥೆಯನ್ನು ಜಿಲ್ಲೆಯ ಪ್ರತಿಯೊಂದು ಭಾಷಣದಲ್ಲಿಯೂ ಕೇಳಬಹುದಾದರೂ ಅದರ ಪಕ್ಕದಲ್ಲಿ ನಡುಗುತ್ತ ಮಲಗಿದ್ದ ಚಳಿಜ್ವರದ ಕಥೆಯನ್ನು ಹೇಳುವವರು ಕಡಿಮೆ. ನಾಲೆಯ ಏರಿಯಿಂದ ಜಿನುಗಿ ನಿಂತ ನೀರು, ಏರಿಗೆ ಮಣ್ಣು ತೆಗೆದ ಗುಂಡಿಗಳು, ಬಸಿಗಾಲುವೆಯಿಲ್ಲದ ಗದ್ದೆಗಳ ತಗ್ಗುಗಳು ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆಗೆ ಹೇಳಿ ಮಾಡಿಸಿದ ತಾಣಗಳಾಗಿದ್ದವು. ಕಚ್ಚುವ ಸೊಳ್ಳೆಗಳಲ್ಲಿ ಮಲೇರಿಯಾದ ಪರೋಪಜೀವಿಯನ್ನು ಹೊರುವುದು ಅನಾಫಿಲಿಸ್ ಜಾತಿ ಮಾತ್ರ. ಈ ಬಗೆಯದು ತಿಳಿನೀರಿನಲ್ಲಿ, ಬಿಸಿಲು ಬೀಳುವ ಕಡೆ ಮೊಟ್ಟೆಯಿಡುವುದರಿಂದ ಹೊಸ ನೀರಾವರಿಯ ನೆಲ ಅದಕ್ಕೆ ಹಬ್ಬದ ನೆಲವಾಗುತ್ತದೆ.

ಮೈಸೂರು ಸರ್ಕಾರವು 1929ರ ಸುಮಾರಿಗೆ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ತನ್ನ ಸಾರ್ವಜನಿಕ ಆರೋಗ್ಯ ಇಲಾಖೆಯನ್ನು ಪುನಾರಚಿಸಿ, ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವೊಂದನ್ನು ತೆರೆದುದು ಇಡೀ ಭಾರತದ ಸಾರ್ವಜನಿಕ ಆರೋಗ್ಯದ ಇತಿಹಾಸದಲ್ಲಿಯೇ ಮುಖ್ಯವಾದ ಘಟನೆ. ‘ಆರೋಗ್ಯ ಘಟಕ’ವೆಂದರೆ ರೋಗಿಯು ಬರುವವರೆಗೆ ಕಾಯುವ ಆಸ್ಪತ್ರೆಯಲ್ಲ, ನಿಗದಿಯಾದ ಕೆಲವು ಹಳ್ಳಿಗಳ ಜನನ ಮರಣ ದಾಖಲೆ, ಕುಡಿಯುವ ನೀರು, ಕಕ್ಕಸು, ಹೆರಿಗೆ, ಸಿಡುಬಿನ ದೇವಿ ಹಾಕುವುದು ಇವೆಲ್ಲವನ್ನೂ ಪೂರ್ಣಾವಧಿಯ ಸಿಬ್ಬಂದಿಯಿಂದ ಒಟ್ಟಾಗಿ ನೋಡಿಕೊಳ್ಳುವ ವ್ಯವಸ್ಥೆ. 1946ರ ಭೋರ್ ಸಮಿತಿಯ ವರದಿಯಿಂದ ದೇಶಕ್ಕೆ ಪರಿಚಯವಾದ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆಗೆ ಹಿನ್ನೆಲೆಯಾದ ಪ್ರಯೋಗಗಳಲ್ಲಿ ಇಂತಹ ಘಟಕಗಳೂ ಸೇರಿವೆ. ಮಲೇರಿಯಾ ಅಧ್ಯಯನದಲ್ಲಿ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಮತ್ತು ಮೈಸೂರಿನವರೇ ಆದ ಬಿ. ಎ. ರಾವ್ ಅವರ ಕೆಲಸ ಆ ಕಾಲದ ತಜ್ಞರ ವಲಯದಲ್ಲಿ ಮನ್ನಣೆ ಪಡೆಯಿತು.

ಪ್ಲೇಗಿನ ಕಾಲದ ಆಡಳಿತಕ್ಕೂ ಈ ಘಟಕಗಳ ಆಡಳಿತಕ್ಕೂ ನಡುವಣ ವ್ಯತ್ಯಾಸ ಸುದ್ದಿಯ ಸ್ವರೂಪದಲ್ಲಿಯೇ ಎದ್ದುಕಾಣುತ್ತದೆ. ಮಲೇರಿಯಾದ ಸಮೀಕ್ಷಕರು ಶಾಲೆಗೆ ಹೋಗಿ ಮಕ್ಕಳನ್ನು ನಿಲ್ಲಿಸಿ ಹೊಟ್ಟೆಯ ಎಡಭಾಗವನ್ನು ಒತ್ತಿ ನೋಡಿ, ಎಷ್ಟು ಮಕ್ಕಳ ಗುಲ್ಮ ಊದಿದೆಯೆಂಬುದನ್ನು ಶೇಕಡಾವಾರು ಲೆಕ್ಕ ಹಾಕುತ್ತಿದ್ದರು. ಗುಲ್ಮವೆಂದರೆ ಪಕ್ಕೆಲುಬಿನ ಕೆಳಗಿರುವ, ಪದೇ ಪದೇ ಚಳಿಜ್ವರ ಬಂದರೆ ಹಿಗ್ಗುವ ಅಂಗ. ಹೀಗೆ ಸಿದ್ಧವಾದ ‘ಗುಲ್ಮದ ಪ್ರಮಾಣ’ವು ಒಂದು ಹಳ್ಳಿಯ ರೋಗಸ್ಥಿತಿಯನ್ನು ಒಂದೇ ಅಂಕಿಯಲ್ಲಿ ತೋರಿಸುತ್ತಿತ್ತು. ಆದರೆ ಆ ಅಂಕಿ ಹೋಗುತ್ತಿದ್ದುದು ಮೇಲಕ್ಕೆ, ವರದಿಗಳಿಗೆ. ಹೊಟ್ಟೆ ತೋರಿಸಿದ ಮಗುವಿನ ಮನೆಗೆ ಬರುತ್ತಿದ್ದುದು ಕ್ವಿನೈನಿನ ಕಹಿ ಮಾತ್ರೆ, ಇಲ್ಲವೆ ನಿಂತ ನೀರಿನ ಮೇಲೆ ಸೊಳ್ಳೆಯ ಮರಿಗಳನ್ನು ಕೊಲ್ಲಲು ಎರಚುವ ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿ. ಗದ್ದೆಗಳಿಗೆ ಬಿಟ್ಟುಬಿಟ್ಟು ನೀರು ಹಾಯಿಸಬೇಕು, ಊರಿನ ಸುತ್ತ ಒಣಬೆಳೆಯ ಪಟ್ಟಿಯನ್ನು ಉಳಿಸಬೇಕು ಎಂಬ ತಜ್ಞರ ಸಲಹೆಗಳು ಭತ್ತದ ಆದಾಯವನ್ನು ಕಂಡ ರೈತನಿಗೆ ರುಚಿಸುವಂತಹವಾಗಿರಲಿಲ್ಲ. ನೀರು ಬಿಟ್ಟದ್ದು ಸರ್ಕಾರ, ಕಂದಾಯ ಪಡೆದದ್ದು ಸರ್ಕಾರ, ಈಗ ಊರ ಬದಿಯ ಗದ್ದೆಯನ್ನು ಒಣಗಿಸು ಎನ್ನುವುದೂ ಸರ್ಕಾರ ಎಂಬ ರೈತನ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ.

ಸ್ವಾತಂತ್ರ್ಯದ ನಂತರ 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಡಿಡಿಟಿ ಸಿಂಪಡಣೆಯನ್ನು ಹಳ್ಳಿಹಳ್ಳಿಗೆ ಒಯ್ದಿತು. ಸಿಂಪಡಿಸಿದ ಮನೆಯ ಗೋಡೆಯ ಮೇಲೆ ದಿನಾಂಕ ಮತ್ತು ಗುರುತುಗಳನ್ನು ಬರೆಯುವ ಪದ್ಧತಿಯಿಂದ ಪ್ರತಿ ಮನೆಯ ಬಾಗಿಲ ಬದಿಯೂ ಸರ್ಕಾರಿ ದಫ್ತರದ ಒಂದು ಪುಟದಂತಾಯಿತು. 1961ರ ಕಾಯಿದೆಯು ಪಟೇಲ, ಶಾನುಭೋಗ, ತೋಟಿಗಳ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಪಡಿಸಿದ ಮೇಲೆ ಗ್ರಾಮಲೆಕ್ಕಿಗರು ಬಂದರು. 1983ರ ಕಾಯಿದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳನ್ನೂ 1993ರ ಪಂಚಾಯತ್ ರಾಜ್ ಕಾಯಿದೆ ಇಂದಿನ ಮೂರು ಹಂತದ ಪಂಚಾಯತಿಗಳನ್ನೂ ತಂದವು. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆ, ಅಂದರೆ ಅದೇ ಊರಿನ, ಸಂಬಳವಿಲ್ಲದೆ ಗೌರವಧನ ಮತ್ತು ಪ್ರೋತ್ಸಾಹಧನದ ಮೇಲೆ ದುಡಿಯುವ ಮಹಿಳೆ, ಕಟ್ಟಕಡೆಯ ಮೆಟ್ಟಿಲಿಗೆ ಬಂದು ನಿಂತಳು. ತಮಟೆಯವನಿಗೆ ಇಲ್ಲದಿದ್ದ ಒಂದು ಅನುಕೂಲ ಅವಳಿಗಿತ್ತು: ಅವಳು ಅಡುಗೆಮನೆಯವರೆಗೂ ಹೋಗಬಲ್ಲವಳಾಗಿದ್ದಳು.

ಕರ್ನಾಟಕದಲ್ಲಿ ಕೊರೊನಾದ ಮೊದಲ ಪ್ರಕರಣ 2020ರ ಮಾರ್ಚ್ ಎರಡನೆಯ ವಾರದಲ್ಲಿ ದೃಢಪಟ್ಟಿತು. ಅದೇ ಮಾರ್ಚ್ 11ರಂದು ರಾಜ್ಯ ಸರ್ಕಾರ 1897ರ ಹಳೆಯ ಕಾಯಿದೆಯ ಅಡಿಯಲ್ಲಿಯೇ ಕೋವಿಡ್ ನಿಯಮಗಳನ್ನು ಹೊರಡಿಸಿತು. ಮಂಡ್ಯ ಜಿಲ್ಲೆಯ ಮೊದಲ ಪ್ರಕರಣಗಳು ಏಪ್ರಿಲ್ ಆರಂಭದಲ್ಲಿ, ರೈಲಿಲ್ಲದ ಮಳವಳ್ಳಿಯಿಂದ ವರದಿಯಾದಾಗ, ಪಟ್ಟಣದ ಬೀದಿಗಳು ‘ಸೀಲ್‌ಡೌನ್’ ಆದವು. ಕನ್ನಡ ಪತ್ರಿಕೆಗಳು ಲಾಕ್‌ಡೌನಿನ ಪಕ್ಕದಲ್ಲಿ ನಿಲ್ಲಿಸಿದ ಈ ಪದಕ್ಕೆ ಬೀದಿಯ ಎರಡೂ ತುದಿಗೆ ಅಡ್ಡಗಟ್ಟಿ ಕಟ್ಟಿ ಒಳಗಿನವರನ್ನು ಹೊರಬಿಡದೆ, ದಿನಸಿ ಹಾಲುಗಳನ್ನು ಪುರಸಭೆಯವರೇ ತಲುಪಿಸುವ ವ್ಯವಸ್ಥೆಯೆಂದು ಅರ್ಥ. ಅದಕ್ಕೂ ಮೊದಲೇ, ಮಾರ್ಚ್ ಕೊನೆಯಲ್ಲಿ, ಅನೇಕ ಹಳ್ಳಿಗಳವರು ಯಾವ ಆಜ್ಞೆಗೂ ಕಾಯದೆ ಊರಿನ ದಾರಿಗೆ ಮುಳ್ಳುಬೇಲಿ ಹಾಕಿ, ಕೆಲವೆಡೆ ರಸ್ತೆಯನ್ನೇ ಅಗೆದು, ಹೊರಗಿನವರನ್ನು ತಡೆದಿದ್ದರು. ಪ್ಲೇಗಿನಲ್ಲಿ ಊರೇ ಹೊರಗೆ ಹೋಗುತ್ತಿತ್ತು. ಈಗ ಊರು ಒಳಗಿನಿಂದ ಅಗುಳಿ ಹಾಕಿಕೊಂಡಿತು.

ಜಿಲ್ಲೆಯ ನಿಜವಾದ ಪರೀಕ್ಷೆ ಮೇ ತಿಂಗಳಲ್ಲಿ ಎದುರಾಯಿತು. ಹೋಟೆಲು, ಟ್ಯಾಕ್ಸಿ ಮತ್ತಿತರ ದುಡಿಮೆಗಾಗಿ ಮುಂಬಯಿಗೆ ವಲಸೆ ಹೋಗಿದ್ದ, ಮುಖ್ಯವಾಗಿ ಕೆ. ಆರ್. ಪೇಟೆ ಭಾಗದ ಜನರು ‘ಸೇವಾ ಸಿಂಧು’ ಜಾಲತಾಣದ ಪಾಸು ಪಡೆದು ಹಿಂತಿರುಗಿದಾಗ ಮಂಡ್ಯವು ಕೆಲವೇ ದಿನಗಳಲ್ಲಿ ರಾಜ್ಯದ ಪಟ್ಟಿಯ ಮೇಲಿನ ಸಾಲಿಗೆ ಏರಿತು. ಹಾಸ್ಟೆಲುಗಳೂ ವಸತಿ ಶಾಲೆಗಳೂ ಕ್ವಾರಂಟೈನ್ ಕೇಂದ್ರಗಳಾಗಿ, ಮೇ 18ರಂದು ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವನ್ನೇ ನಿಲ್ಲಿಸಲಾಯಿತು. ಮುಂಬಯಿಯಿಂದ ದಕ್ಷಿಣಕ್ಕೆ ಇಳಿದ ಪ್ಲೇಗಿನ ದಾರಿಯನ್ನು ಬಲ್ಲವರಿಗೆ ಈ ನಕ್ಷೆ ಅಪರಿಚಿತವಾಗಿರಲಾರದು. ಆದರೆ 1898ರಲ್ಲಿ ಬಂದವರು ಹೊರಗಿನ ಪ್ರಯಾಣಿಕರಾಗಿದ್ದರೆ, 2020ರಲ್ಲಿ ಬಂದವರು ಊರಿನ ಮಕ್ಕಳೇ ಆಗಿದ್ದರೆಂಬುದು ದಾರಿಗೆ ಹಾಕಿದ ಮುಳ್ಳುಬೇಲಿಗೆ ಬೇರೆಯೇ ಅರ್ಥವನ್ನು ಕೊಟ್ಟಿತು.

ಸುದ್ದಿಯ ವಿಷಯದಲ್ಲಿ ಈ ಪಿಡುಗು ಹಿಂದಿನ ಎಲ್ಲವನ್ನೂ ಮೀರಿಸಿತು. ರಾಜ್ಯದ ಆರೋಗ್ಯ ಇಲಾಖೆ ದಿನವೂ ಹೊರಡಿಸುತ್ತಿದ್ದ ಬುಲೆಟಿನ್ ಪ್ರತಿ ಸೋಂಕಿತನಿಗೂ ‘ಪಿ’ ಅಕ್ಷರದ ಮುಂದೆ ಒಂದು ಸಂಖ್ಯೆಯನ್ನಿಟ್ಟು, ವಯಸ್ಸು, ಲಿಂಗ, ಜಿಲ್ಲೆ ಮತ್ತು ಯಾರ ಸಂಪರ್ಕದಿಂದ ಸೋಂಕು ತಗುಲಿತೆಂಬ ವಿವರವನ್ನು ಕೊಡುತ್ತಿತ್ತು. ಹೆಸರನ್ನು ಮರೆಮಾಡಿದ ಈ ಪದ್ಧತಿ ಬೆಂಗಳೂರಿನಲ್ಲಿ ಗುಟ್ಟನ್ನು ಉಳಿಸಬಹುದಾದರೂ, ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ವಯಸ್ಸು ಮತ್ತು ಪ್ರಯಾಣದ ವಿವರಗಳೇ ಹೆಸರನ್ನು ಹೇಳಿಬಿಡುತ್ತಿದ್ದವು. ಮುಂಗೈಯ ಮೇಲೆ ಕ್ವಾರಂಟೈನ್ ಮುದ್ರೆ, ಬಾಗಿಲಿಗೆ ಅಂಟಿಸಿದ ಚೀಟಿಗಳು ಡಿಡಿಟಿಯ ಗೋಡೆಬರಹದ ಹೊಸ ಅವತಾರಗಳಾಗಿದ್ದರೂ ಒಂದು ಭೇದವಿತ್ತು: ಹಳೆಯ ಗುರುತು ಕೆಲಸ ಮುಗಿದ ಮನೆಯನ್ನು ತೋರಿಸಿದರೆ, ಹೊಸದು ದೂರವಿಡಬೇಕಾದ ಮನೆಯನ್ನು ತೋರಿಸುತ್ತಿತ್ತು. 104 ಮತ್ತು ‘ಆಪ್ತಮಿತ್ರ’ದ 14410 ಎಂಬ ಸಹಾಯವಾಣಿಗಳು, ‘ಆರೋಗ್ಯ ಸೇತು’ ಆ್ಯಪ್, ಫೋನಿನಲ್ಲಿ ಕೆಮ್ಮಿನೊಂದಿಗೆ ಶುರುವಾಗುತ್ತಿದ್ದ ಎಚ್ಚರಿಕೆಯ ಧ್ವನಿ ಇವೆಲ್ಲ ಇದ್ದಾಗಲೂ ಗ್ರಾಮ ಪಂಚಾಯತಿಗಳು ಕಸದ ಆಟೊಗಳಿಗೆ ಧ್ವನಿವರ್ಧಕ ಕಟ್ಟಿದವು, ಅನೇಕ ಊರುಗಳಲ್ಲಿ ತಮಟೆಯೂ ಮತ್ತೆ ಹೊರಬಂದಿತು. ಮನೆಮನೆಯ ಸಮೀಕ್ಷೆಯನ್ನು ನಡೆಸಿದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿಯ ನಿಶ್ಚಿತ ಗೌರವಧನ ಮತ್ತು ಸುರಕ್ಷಾ ಸಾಮಗ್ರಿಗಳನ್ನು ಕೇಳಿ 2020ರ ಜುಲೈನಲ್ಲಿ ರಾಜ್ಯದಾದ್ಯಂತ ಕೆಲಸ ನಿಲ್ಲಿಸಿದಾಗ, ಬುಲೆಟಿನ್ನಿನ ಅಂಕಿಗಳು ಯಾರ ಕಾಲ್ನಡಿಗೆಯಿಂದ ಹುಟ್ಟುತ್ತಿದ್ದವೆಂಬುದು ಬೆಳಕಿಗೆ ಬಂದಿತು.

2021ರ ಎರಡನೆಯ ಅಲೆಯಲ್ಲಿ ಹಾಸಿಗೆ ಮತ್ತು ಆಮ್ಲಜನಕಗಳೇ ಸುದ್ದಿಯಾದವು. ಮೇ ಆರಂಭದಲ್ಲಿ ನೆರೆಯ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ರೋಗಿಗಳು ಸತ್ತ ವಾರ್ತೆ ಹೊಳೆಯ ಈಚೆಗೂ ನಡುಕ ಹುಟ್ಟಿಸಿತು. ಮನೆಯಲ್ಲಿಯೇ ಇದ್ದ ಸೋಂಕಿತರಿಂದ ಹಳ್ಳಿಗಳಲ್ಲಿ ರೋಗ ಹರಡುತ್ತಿದೆಯೆಂದು ಅವರನ್ನು ಕೋವಿಡ್ ಆರೈಕೆ ಕೇಂದ್ರಗಳಿಗೆ ಸಾಗಿಸಲು ಸರ್ಕಾರ ಸೂಚಿಸಿತು, ‘ವೈದ್ಯರ ನಡೆ ಹಳ್ಳಿ ಕಡೆ’ ಎಂಬ ಕಾರ್ಯಕ್ರಮ ವೈದ್ಯರನ್ನು ಊರಿಗೆ ಕಳುಹಿಸಿತು, ಗ್ರಾಮ ಪಂಚಾಯತಿ ಕಾರ್ಯಪಡೆಗಳು ಪಟ್ಟಿ ಹಿಡಿದು ಮನೆಮನೆ ಸುತ್ತಿದವು. ಆಗ ಕೆಮ್ಮನ್ನು ನುಂಗಿಕೊಂಡವರೂ, ಪರೀಕ್ಷೆಗೆ ಗಂಟಲು ಕೊಡಲು ಒಪ್ಪದೆ ಮಾತ್ರೆ ಅಂಗಡಿಗೆ ಹೋದವರೂ ಕಡಿಮೆಯಿರಲಿಲ್ಲ. ಕಣಜದ ಹಿಂದಿನ ಮರೆ ಇಲ್ಲವಾಗಿತ್ತಾದರೂ ಅದನ್ನು ಹುಡುಕುವ ಕಾರಣ ಹಾಗೆಯೇ ಉಳಿದಿತ್ತು. ಬಳಿಕ ಕೊರೊನಾದಿಂದ ಸತ್ತವರ ಕುಟುಂಬಕ್ಕೆ ವಿಪತ್ತು ನಿಧಿಯಿಂದ 50,000 ರೂಪಾಯಿಯೂ, ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ ರಾಜ್ಯದಿಂದ 1 ಲಕ್ಷ ರೂಪಾಯಿಯೂ ಘೋಷಣೆಯಾದಾಗ, ಸೋಂಕು ದೃಢಪಟ್ಟ ವರದಿ ಅಥವಾ ಸಾವಿನ ಕಾರಣವನ್ನು ಹೇಳುವ ಪ್ರಮಾಣಪತ್ರ ಅರ್ಜಿಯ ಜೊತೆ ಇರಬೇಕಾಯಿತು. ಕಾಯಿಲೆಯನ್ನು ಅಧಿಕಾರಿಯ ಕಣ್ಣಿನಿಂದ ಮರೆಸಿದ್ದ ಮನೆಗಳವರು ಅದೇ ಕಾಯಿಲೆಯ ಹೆಸರನ್ನು ಕಾಗದದ ಮೇಲೆ ಬರೆಸಿಕೊಳ್ಳಲು ತಾಲ್ಲೂಕು ಕಚೇರಿಯ ದಾರಿ ಹಿಡಿಯಬೇಕಾಯಿತು.